ಕೊನೆಯದು ಯಾಕೆ ಓಡುತ್ತೆ?

"ಅಜ್ಜ, ಈ ಆಟ ಮೋಸ ಮಾಡುತ್ತೆ!" ಎಂದು ಮೊಮ್ಮಗಳು ಮೊಬೈಲನ್ನು ನನ್ನ ಕೈಗಿತ್ತಳು.

ನೋಡಿದರೆ ಹಳೆಯ 'ಸ್ಪೇಸ್ ಇನ್‌ವೇಡರ್ಸ್'! ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ 1978ರಲ್ಲಿ ರೂಪಿಸಿದ ಆಟ. ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಅನ್ಯಗ್ರಹ ಜೀವಿಗಳು. ಪರದೆಯ ಅಂಚಿಗೆ ಬಂದಾಗಲೆಲ್ಲ ಒಂದು ಹೆಜ್ಜೆ ಕೆಳಗಿಳಿದು ತಿರುಗುತ್ತವೆ. ಅವು ನೆಲ ಮುಟ್ಟುವ ಮೊದಲೇ ಹೊಡೆಯಬೇಕು. ಮೊದಮೊದಲು ಆಮೆ ನಡಿಗೆ. ಕೊನೆಗೆ ಉಳಿದ ಒಂದೇ ಒಂದು ಮಾತ್ರ ಕೈಗೇ ಸಿಗದಂತೆ ಓಡುತ್ತದೆ. ಕಾಲೇಜಿನಲ್ಲಿದ್ದಾಗ ಆ ಒಂದನ್ನು ಹೊಡೆಯಲು ಹೋಗಿ ಬಸ್ಸಿನ ಚಿಲ್ಲರೆಯೆಲ್ಲ ಕಳೆದು ಮನೆಗೆ ನಡೆದು ಹೋದವನು ನಾನು.

"ಮೋಸ ಅಲ್ಲ ಪುಟ್ಟಿ. ನಿಮ್ಮ ಮಿಸ್ ಹಾಜರಿ ಕೂಗೋದನ್ನ ನೆನಪಿಸಿಕೋ. 55 ಮಕ್ಕಳಿದ್ದರೆ ಇನ್ನೊಂದು ಸಲ ನಿನ್ನ ಹೆಸರು ಬರೋಕೆ ಹೊತ್ತಾಗುತ್ತೆ. ಮೂರೇ ಜನ ಇದ್ದರೆ?"

ಆ ಕಾಲದ ಯಂತ್ರವೂ ಹೀಗೆಯೇ ಒಂದೊಂದನ್ನೇ ಸರಿಸುತ್ತಿತ್ತು. ಹೊಡೆದಷ್ಟೂ ಉಳಿದವಕ್ಕೆ ಸರದಿ ಬೇಗ. ಯಂತ್ರದ ಈ ಬಡತನವನ್ನು ನಿಶಿಕಾಡೊ ತಿದ್ದದೆ ಉಳಿಸಿಕೊಂಡರು. ಹಿನ್ನೆಲೆಯ ನಾಲ್ಕು ಸ್ವರಗಳೂ ಜೊತೆಜೊತೆಗೇ ಚುರುಕಾಗುತ್ತವೆ. ನಮ್ಮ ಎದೆ ಡವಡವ! ಇಂದಿನ ಮೊಬೈಲಿಗೆ 55 ಯಾವ ಲೆಕ್ಕ? ಆದರೂ ಇಂಥ ಆಟ ಮಾಡುವವರು ಆ ವೇಗವನ್ನು ಬೇಕೆಂದೇ ಬರೆದು ಸೇರಿಸುತ್ತಾರೆ.

ಮೊಮ್ಮಗಳು ಮೊಬೈಲ್ ಕಿತ್ತುಕೊಂಡಳು. "ಹಾಗಾದ್ರೆ ಅದು ಬರೋ ಜಾಗಕ್ಕೆ ಮೊದಲೇ ಗುಂಡು ಬಿಡ್ತೀನಿ."

ಬಿಟ್ಟಳು. ತಾಗಿತು. ಅಷ್ಟೆಲ್ಲ ಚಿಲ್ಲರೆ ಸುರಿದರೂ ನನಗೆ ಇದು ಹೊಳೆದಿರಲಿಲ್ಲ ನೋಡಿ!