ನೀರುಗಿಡದ ಮೀನು ತೊಟ್ಟಿ: ತೂತು ಎಲ್ಲಿರಬೇಕು, ತಳಕ್ಕೆ ಯಾವ ಮಣ್ಣು?

“ಸಾಹೇಬ್ರೆ, ನೀವು ಹೇಳ್ದಂಗೇ ಗೊಬ್ಬರ ಹಾಕಿದ್ನಲ್ಲ, ಮತ್ತೆ ಮೀನೆಲ್ಲ ಯಾಕೆ ಸತ್ತೋದ್ವು?”

ಎರಡು ವರ್ಷಗಳ ಹಿಂದೆ ನಮ್ಮ ಹೋಬಳಿಯ ರೈತ ಮಹಿಳೆಯೊಬ್ಬರು ಹೀಗೆ ಕೇಳಿದಾಗ ನಾನು ತಲೆ ತಗ್ಗಿಸಬೇಕಾಯಿತು. ಸ್ವಸಹಾಯ ಸಂಘದ ಸಾಲ ತಂದು ಅವರು ಹಿತ್ತಲಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದರು. ಬಣ್ಣದ ಮೀನು ಮತ್ತು ನೀರುಗಿಡ ಬೆಳೆಸಿ ಪೇಟೆಯ ಅಂಗಡಿಗೆ ಮಾರುವುದು ಅವರ ಉದ್ದೇಶ. ತಳಕ್ಕೆ ಏನು ಹಾಕಲಿ ಎಂದು ಕೇಳಿದಾಗ, ಹೊಲದ ಬೆಳೆಗೆ ಹೇಳುವ ಅಭ್ಯಾಸದಲ್ಲಿ, “ಕೆಂಪು ಮಣ್ಣಿಗೆ ಎರಡು ಬುಟ್ಟಿ ಸಗಣಿ ಬೆರೆಸಿ ಹಾಕಮ್ಮ” ಎಂದುಬಿಟ್ಟಿದ್ದೆ. ಐದನೆಯ ದಿನ ಬೆಳಿಗ್ಗೆ ಮೀನುಗಳೆಲ್ಲ ತೇಲಿದ್ದವು. ಕೆಟ್ಟ ನೀರನ್ನು ಹೊರಬಿಡೋಣವೆಂದರೆ ತೊಟ್ಟಿಗಿದ್ದ ಒಂದೇ ತೂತು ಗೋಡೆಯ ಮಧ್ಯದಲ್ಲಿತ್ತು. ಉಳಿದ ನೀರನ್ನು ಮನೆಯವರೆಲ್ಲ ಕೊಡದಲ್ಲಿ ಮೊಗೆದು ಚೆಲ್ಲಿದರು.

ಎರಡು ತಪ್ಪುಗಳು. ಒಂದು ತೂತಿನದು, ಇನ್ನೊಂದು ತಳದ್ದು. ನೀರು ತುಂಬಿದ ಮೇಲೆ ಇವೆರಡನ್ನೂ ತಿದ್ದುವುದು ಕಷ್ಟ. ಆದ್ದರಿಂದ ತೊಟ್ಟಿ ಕಟ್ಟುವ ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ತೊಟ್ಟಿಯ ತಳವೂ ಒಂದು ಗದ್ದೆ

ಭತ್ತ ಬೆಳೆಯುವವರಿಗೆ ತೊಟ್ಟಿಯ ತಳದ ಗುಟ್ಟು ಹೊಸದಲ್ಲ. ನೀರು ನಿಂತ ಗದ್ದೆಯ ಕೆಸರನ್ನು ಕೈಯಲ್ಲಿ ಎತ್ತಿ ನೋಡಿ. ಮೇಲೆ ತೆಳುವಾದ ಕಂದು ಪದರ, ಅದರ ಕೆಳಗೆ ಬೂದು ಇಲ್ಲವೆ ಕಪ್ಪು ಬಣ್ಣ. ನೀರು ನಿಂತ ಕೂಡಲೆ ಮಣ್ಣಿನೊಳಗಿನ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಮುಗಿಸಿಬಿಡುತ್ತವೆ. ಆಗ ಮಣ್ಣಿನಲ್ಲಿ ಕರಗದೆ ಕುಳಿತಿದ್ದ ಕಬ್ಬಿಣ ಕರಗುತ್ತದೆ, ಅದರೊಡನೆ ರಂಜಕವೂ ಬಿಡುಗಡೆಯಾಗುತ್ತದೆ. ಬೇರಿಗೆ ಇದು ಒಳ್ಳೆಯ ಆಹಾರ. ಆದರೆ ಕೊಳೆಯುವ ವಸ್ತು ಹೆಚ್ಚಾದರೆ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲ ಹುಟ್ಟಿ ಬೇರನ್ನೇ ಸುಡುತ್ತದೆ.

ಗದ್ದೆಗೂ ತೊಟ್ಟಿಗೂ ಇರುವ ವ್ಯತ್ಯಾಸ ಇಷ್ಟೆ: ತೊಟ್ಟಿಯಲ್ಲಿ ಮೀನು ಇದೆ. ಹಸಿ ಸಗಣಿ, ಯೂರಿಯಾ ಅಥವಾ ಅರೆಕೊಳೆತ ಗೊಬ್ಬರದಿಂದ ಹೊರಡುವ ಅಮೋನಿಯ ಭತ್ತಕ್ಕೆ ಗೊಬ್ಬರ, ಮೀನಿಗೆ ವಿಷ. ನೀರು ಕ್ಷಾರವಾಗಿದ್ದಷ್ಟೂ ಈ ವಿಷ ತೀವ್ರ. ಜೊತೆಗೆ ಸಗಣಿ ಕೊಳೆಯುವಾಗ ನೀರಿನ ಆಮ್ಲಜನಕವೂ ಕುಗ್ಗಿ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಆ ತಾಯಿಯ ತೊಟ್ಟಿಯಲ್ಲಿ ನಡೆದದ್ದು ಇದೇ.

ಮಣ್ಣು, ಗಿಡ, ಮೀನು ಮೂರನ್ನೂ ಹೊಂದಿಸುವ ಪ್ರಯತ್ನ ಹಳೆಯದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. 12 ಗ್ಯಾಲನ್ನಿನ ಪಾತ್ರೆಯ ತಳಕ್ಕೆ ಮರಳು, ಕೆಸರು ಹಾಕಿ, ವ್ಯಾಲಿಸ್ನೇರಿಯಾ ಗಿಡ ನೆಟ್ಟು, ಎರಡು ಚಿನ್ನದ ಮೀನು ಬಿಟ್ಟಿದ್ದರು. ಎಲೆ ಕೊಳೆತು ನೀರು ಕೆಡತೊಡಗಿದಾಗ ನೀರಿನ ಬಸವನಹುಳು ತಂದು ಬಿಟ್ಟರು. ಅವು ಕೊಳೆತದ್ದನ್ನು ತಿಂದು ನೀರು ತಿಳಿಯಾಯಿತು.

ತೂತು ಮೊದಲು, ನೀರು ಆಮೇಲೆ

ಉದಾಹರಣೆಗೆ 10 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳೋಣ. ಅಂಚಿನಿಂದ 4 ಅಂಗುಲ ಕೆಳಗಿನವರೆಗೆ ನೀರು ನಿಲ್ಲಿಸಿದರೆ, ತಳದ ಮಣ್ಣು ಕಳೆದು ಸುಮಾರು 1,650 ಲೀಟರ್ ಹಿಡಿಯುತ್ತದೆ. ನೀರೊಂದೇ ಒಂದೂವರೆ ಟನ್ನಿಗೂ ಹೆಚ್ಚು ಭಾರ. ಆದ್ದರಿಂದ ಗಟ್ಟಿ ನೆಲವೇ ಬೇಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಉತ್ತಮ. ದಿನವಿಡೀ ಬಿಸಿಲಾದರೆ ನೀರು ಕಾಯುತ್ತದೆ, ಪಾಚಿ ಕಟ್ಟುತ್ತದೆ.

ಇದಕ್ಕೆ ಎರಡು ತೂತುಗಳು ಬೇಕು.

ಮೊದಲನೆಯದು ತಳದ ತೂತು. ನೆಲವನ್ನು ಒಂದು ಮೂಲೆಗೆ ಒಂದು ಅಂಗುಲ ಇಳಿಜಾರು ಮಾಡಿ, ಅಲ್ಲಿ 2 ಅಂಗುಲದ ಪಿ.ವಿ.ಸಿ. ಪೈಪನ್ನು ಕಾಂಕ್ರೀಟ್ ಹಾಕುವಾಗಲೇ ಕೂಡಿಸಿ. ತೊಟ್ಟಿಯ ಹೊರಗೆ ವಾಲ್ವ್ ಇಡಿ. ತೂತಿನ ಸುತ್ತ ಒಂದು ಅಡಿ ಚೌಕದಷ್ಟು ಜಾಗಕ್ಕೆ ನಾಲ್ಕು ಅಂಗುಲ ಎತ್ತರದ ಇಟ್ಟಿಗೆ ಕಟ್ಟೆ ಕಟ್ಟಿ, ಅದರೊಳಕ್ಕೆ ಮಣ್ಣು ಹಾಕಬೇಡಿ. ಇಲ್ಲವಾದರೆ ವಾಲ್ವ್ ತೆರೆದಾಗ ತಳದ ಮಣ್ಣೇ ಹರಿದು ಹೋಗುತ್ತದೆ. ಕಟ್ಟೆಯೊಳಗಿನ ಪೈಪಿನ ಬಾಯಿಗೆ ನೀರಿನ ಮಟ್ಟದಷ್ಟು ಎತ್ತರದ ಇನ್ನೊಂದು ಪೈಪನ್ನು ಅಂಟು ಹಾಕದೆ ಬಿಗಿಯಾಗಿ ನಿಲ್ಲಿಸಿ. ವಾಲ್ವ್ ಸೋರಿದರೂ ತೊಟ್ಟಿ ಬರಿದಾಗದು. ನೀರು ಬಿಡಬೇಕಾದಾಗ ನಿಂತ ಪೈಪನ್ನು ಕಿತ್ತು ವಾಲ್ವ್ ತೆರೆದರಾಯಿತು.

ಎರಡನೆಯದು ಗೋಡೆಯ ಮೇಲ್ಭಾಗದ ತೂತು, ಅಂಚಿನಿಂದ 4 ಅಂಗುಲ ಕೆಳಗೆ. ಮಳೆ ಇದಕ್ಕೆ ದೊಡ್ಡ ಪರೀಕ್ಷೆಯಲ್ಲ. ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೂ ಈ ತೊಟ್ಟಿಗೆ ಬೀಳುವುದು ಸುಮಾರು 185 ಲೀಟರ್. ರಾತ್ರಿ ಕರೆಂಟ್ ಬಂದಾಗ ಮೋಟಾರ್ ತಾನೇ ಚಾಲೂ ಆಗಿ, ಮರೆತು ಬಿಟ್ಟ ಕೊಳವೆ ಬೆಳಗಿನವರೆಗೆ ತೊಟ್ಟಿಗೆ ಸುರಿಯುವುದು ನಿಜವಾದ ಪರೀಕ್ಷೆ. ಆದ್ದರಿಂದ ಇಲ್ಲಿಯೂ 2 ಅಂಗುಲಕ್ಕೆ ಕಡಿಮೆ ಬೇಡ. ಒಳಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಎಲೆ ಕಸ ಸೇರದಂತೆ ವಾರಕ್ಕೊಮ್ಮೆ ತೊಳೆಯಿರಿ.

ಕಟ್ಟಿ ಮುಗಿದ ತೊಟ್ಟಿಯನ್ನು ಉಳಿ, ಸುತ್ತಿಗೆಯಿಂದ ಒಡೆದರೆ ಬಿರುಕು ಬಿಡುತ್ತದೆ. ಯಂತ್ರದಿಂದಲೇ ಕೊರೆಸಿ ಟ್ಯಾಂಕ್ ನಿಪ್ಪಲ್ ಕೂಡಿಸಬೇಕು. ಗಾಜಿನ ತೊಟ್ಟಿ ಮಾಡುವವರು ಗಾಜು ಅಂಟಿಸುವ ಮೊದಲೇ ತೂತು ಕೊರೆಸಬೇಕು. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜನ್ನು ಮಾತ್ರ ಕೊರೆಯಲಾಗದು, ಪುಡಿಪುಡಿಯಾಗುತ್ತದೆ.

ಹೊಸ ಸಿಮೆಂಟಿನಿಂದ ಸುಣ್ಣ ಬಿಡುತ್ತದೆ. ಮೂರು ವಾರಗಳ ಕಾಲ ನೀರು ತುಂಬಿ, ಮೂರು ನಾಲ್ಕು ದಿನಕ್ಕೊಮ್ಮೆ ಬಿಟ್ಟು ಮತ್ತೆ ತುಂಬಿಸಿ. ತೂತುಗಳ ಸೋರಿಕೆಯೂ ಈ ಅವಧಿಯಲ್ಲೇ ಗೊತ್ತಾಗುತ್ತದೆ.

ಯಾವ ಮಣ್ಣು ಸೂಕ್ತ?

ಕೆಂಪು ಗೋಡು ಮಣ್ಣು: ಇದು ಉತ್ತಮ. ಕಬ್ಬಿಣದ ಅಂಶವಿದೆ, ಬೇಗ ತಳ ಕಚ್ಚುತ್ತದೆ. ಕರಾವಳಿ, ಮಲೆನಾಡಿನವರು ಜಂಬಿಟ್ಟಿಗೆ ಮಣ್ಣನ್ನು ಜರಡಿ ಹಿಡಿದು ಬಳಸಬಹುದು.

ಗದ್ದೆ ಮಣ್ಣು: ಬೇಸಿಗೆಯಲ್ಲಿ ಒಣಗಿದ ಗದ್ದೆಯದು ಒಳ್ಳೆಯದು. ಕಳೆನಾಶಕ, ಕೀಟನಾಶಕ ಹೊಡೆದ ತಾಕಿನ ಮಣ್ಣು ಮಾತ್ರ ಬೇಡ.

ಕೆರೆ ಗೋಡು: ಬಹಳ ಫಲವತ್ತು. ಆ ಕಾರಣಕ್ಕೇ ಅಪಾಯ. ಒಂದು ಪಾಲು ಗೋಡಿಗೆ ಎರಡು ಪಾಲು ಕೆಂಪು ಮಣ್ಣು ಬೆರೆಸಿ. ಊರ ಚರಂಡಿ ಸೇರುವ ಕೆರೆಯದನ್ನು ತರಬೇಡಿ.

ಕಪ್ಪು ಎರೆ ಮಣ್ಣು: ಹತ್ತಿಗೆ ಚಿನ್ನ, ತೊಟ್ಟಿಗೆ ತೊಂದರೆ. ಕಣ ಬಹಳ ನುಣುಪಾದ್ದರಿಂದ ಸ್ವಲ್ಪ ಕದಡಿದರೂ ನೀರು ದಿನಗಟ್ಟಲೆ ತಿಳಿಯಾಗದು.

ಎರಡು ಪರೀಕ್ಷೆಗಳನ್ನು ಮನೆಯಲ್ಲೇ ಮಾಡಬಹುದು. ಗಾಜಿನ ಶೀಶೆಯಲ್ಲಿ ಒಂದು ಹಿಡಿ ಮಣ್ಣು, ನೀರು ಹಾಕಿ ಕುಲುಕಿ ಇಡಿ. ಮಾರನೆಯ ದಿನಕ್ಕೆ ನೀರು ತಿಳಿಯಾದರೆ ಮಣ್ಣು ಆಗುತ್ತದೆ. ಮೇಲೆ ಹಾಕುವ ಮರಳಿಗೆ ನಿಂಬೆರಸ ಇಲ್ಲವೆ ವಿನೆಗರ್ ಹಿಂಡಿ. ನೊರೆ ಎದ್ದರೆ ಸುಣ್ಣವಿದೆ ಎಂದರ್ಥ, ಅದು ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ.

ಮಣ್ಣನ್ನು ನೇರವಾಗಿ ಸುರಿಯಬಾರದು. ನೀರಿನಲ್ಲಿ ನೆನೆಸಿ, ತೇಲುವ ಬೇರು ಕಡ್ಡಿ ತೆಗೆದು, ಬಿಸಿಲಿನಲ್ಲಿ ಒಣಗಿಸಿ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಕೊಳೆಯಬೇಕಾದದ್ದು ಹೊರಗೇ ಕೊಳೆಯುತ್ತದೆ. ನಂತರ ತೊಟ್ಟಿಗೆ ಒಂದೂವರೆ ಅಂಗುಲ ಹರಡಿ. ನಮ್ಮ ಅಳತೆಯ ತೊಟ್ಟಿಗೆ 5 ಘನ ಅಡಿ ಸಾಕು. ಮೇಲೆ ತೊಳೆದ ದಪ್ಪ ಮರಳನ್ನು ಒಂದು ಅಂಗುಲ ಹಾಸಿ. ಇದು ಮಣ್ಣು ಏಳದಂತೆ ಹಿಡಿಯುವ ಹೊದಿಕೆ. ಮಣ್ಣಿನ ಪದರ ದಪ್ಪವಾದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಬೇರು ಇಳಿಯದ ಆಳದಲ್ಲಿ ಕೆಟ್ಟ ಅನಿಲವೇ ಕೂಡುವುದು.

ಗಿಡ ಮೊದಲು, ಮೀನು ಆಮೇಲೆ

ಕಾಲು ಭಾಗ ನೀರು ತುಂಬಿ, ಗಿಡಗಳನ್ನು ಒತ್ತಾಗಿ ನೆಡಿ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ನಮ್ಮ ಕೆರೆ ಕಾಲುವೆಗಳಲ್ಲೇ ಬೆಳೆಯುವಂಥವು. ಭತ್ತದ ಹಾಗೆಯೇ ವ್ಯಾಲಿಸ್ನೇರಿಯಾ ಎಲೆಯಿಂದ ಬೇರಿಗೆ ಆಮ್ಲಜನಕ ಸಾಗಿಸಿ ಕೆಸರನ್ನು ಕಾಪಾಡುತ್ತದೆ. ಆಮೇಲೆ ನೆಲಕ್ಕೆ ತಟ್ಟೆ ಇಟ್ಟು, ಅದರ ಮೇಲೆ ನಿಧಾನವಾಗಿ ನೀರು ಬಿಟ್ಟು ಪೂರ್ತಿ ತುಂಬಿಸಿ.

ಇನ್ನು ಆರು ವಾರ ತಾಳ್ಮೆ ಬೇಕು. ಅಮೋನಿಯವನ್ನು ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ನೆಲೆಯೂರಲು ಈ ಕಾಲ ಬೇಕು. ಮೊದಲ ಎರಡು ವಾರ ಮೂರು ದಿನಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ. ಹೊರಬಿಟ್ಟ ನೀರು ತೆಂಗಿಗೆ, ತರಕಾರಿಗೆ ಒಳ್ಳೆಯದು. ಈ ಅವಧಿಯಲ್ಲಿ ಸೊಳ್ಳೆ ಮೊಟ್ಟೆಯಿಡದಂತೆ ಬಲೆ ಹೊದಿಸಿ.

ನಂತರ ಇಪ್ಪತ್ತು ಮೂವತ್ತು ಗಪ್ಪಿ ಅಥವಾ ಪ್ಲಾಟಿ ಮೀನಿನಿಂದ ಶುರು ಮಾಡಿ. ಮರಿ ಹಾಕುವ ಈ ಜಾತಿಗಳಿಗೆ ಗಡಸು ಬೋರ್ ನೀರೂ ಒಗ್ಗುತ್ತದೆ. ಚಿನ್ನದ ಮೀನು ತಳ ಕೆದಕಿ ಗಿಡ ಕೀಳುವುದರಿಂದ ಇಂಥ ತೊಟ್ಟಿಗೆ ಬೇಡ. ಹೊರಗಿನ ಯಾವ ಮೀನನ್ನೂ ಕೆರೆ ಹಳ್ಳಕ್ಕೆ ಬಿಡಬಾರದು, ಅವು ನಮ್ಮ ನಾಡಿನ ಮೀನಿನ ಮೇಲೆ ಬೀಳುತ್ತವೆ. ತೂತಿನ ನೀರನ್ನು ತೋಟದ ಗುಂಡಿಗೇ ಹರಿಸಿ.

ಬಣ್ಣದ ಮೀನು ಘಟಕಗಳಿಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನೆರವು ಸೇರಿಸಲಾಗಿತ್ತು. ಸಾಲ ಮಾಡುವ ಮೊದಲು ಈಗಿನ ನಿಯಮಗಳನ್ನು ತಾಲ್ಲೂಕು ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಕೊಳ್ಳುವ ಅಂಗಡಿಯನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ.

ಆ ತಾಯಿ ತೊಟ್ಟಿಯನ್ನು ಬರಿದು ಮಾಡಿ, ತಳಕ್ಕೆ ತೂತು ಕೊರೆಸಿ, ಈ ಕ್ರಮದಲ್ಲಿ ಮತ್ತೆ ಮಣ್ಣು ಹಾಕಿದರು. ಈ ಸಲ ಮೀನಿಗಿಂತ ಮೊದಲು ಮಾರಾಟವಾದದ್ದು ಗಿಡ. ಸಾಲದ ಕಂತು ಇನ್ನೂ ಬಾಕಿ ಇದೆ, ಆದರೆ ತೊಟ್ಟಿಯ ದುಡ್ಡಿನಿಂದಲೇ ಕಟ್ಟುತ್ತಿದ್ದಾರೆ. ಮೊನ್ನೆ ಹೋದಾಗ, “ಈಗ ತಳಕ್ಕೆ ಏನು ಹಾಕ್ಬೇಕು ಅಂತ ನೀವು ನನ್ನ ಕೇಳಿ ಸಾಹೇಬ್ರೆ” ಎಂದು ನಕ್ಕರು. ಕೇಳಿಯೇ ಈ ಲೇಖನ ಬರೆದಿದ್ದೇನೆ.