ಮನೆ ಮಾರಿ ಮುದ್ರಣಾಲಯ ಕಟ್ಟಿದ ದಾಸೋಹಿ ಫ.ಗು. ಹಳಕಟ್ಟಿ

ವಿಜಯಪುರವೆಂದೊಡನೆ ನಮ್ಮೆಲ್ಲರ ಕಣ್ಣ ಮುಂದೆ ಮೊದಲು ನಿಲ್ಲುವುದು ಗೋಳಗುಮ್ಮಟ. ಅದೇ ನಗರಕ್ಕೆ ಮತ್ತೊಂದು ಹಿರಿಮೆಯುಂಟು. ಓಲೆಗರಿಗಳಲ್ಲಿ ಹುದುಗಿದ್ದ ಶರಣರ ವಚನಗಳು ಅಚ್ಚಿನ ರೂಪ ತಾಳಿ ನಾಡಿನ ಮನೆಮನೆಯನ್ನು ತಲುಪಿದ್ದು ಬಹುಮಟ್ಟಿಗೆ ಈ ಊರಿನಿಂದ. ಅದಕ್ಕೆ ಕಾರಣರಾದವರು ‘ವಚನ ಪಿತಾಮಹ’ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಕಾನೂನು ಪದವಿ ಪಡೆದು ವಿಜಯಪುರದಲ್ಲಿ ವಕೀಲಿ ವೃತ್ತಿಗೆ ನಿಂತರು. ಆ ಕಾಲದಲ್ಲಿ ನಮ್ಮ ಅನೇಕ ಮನೆತನಗಳಲ್ಲಿ ಓಲೆಗರಿಯ ಕಟ್ಟುಗಳು ದೇವರ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಅವುಗಳನ್ನು ಬಿಚ್ಚಿ ಓದುವವರು ಮಾತ್ರ ವಿರಳರಾಗಿದ್ದರು. ಓದದ ಕಟ್ಟು ಗೆದ್ದಲಿಗೆ ಆಹಾರವಾಗುವುದೆಂಬುದನ್ನು ಅರಿತ ಹಳಕಟ್ಟಿಯವರು ಊರೂರು ತಿರುಗಿ ಪ್ರತಿಗಳನ್ನು ಸಂಗ್ರಹಿಸಿದರು, ಪಾಠಗಳನ್ನು ಹೋಲಿಸಿ ಶೋಧಿಸಿದರು. ಇದರ ಫಲವಾಗಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಕು ಕಂಡಿತು.

ಮುಂದಿನ ಪ್ರಕಟಣೆಗಳಿಗೆ ಸ್ವಂತ ಮುದ್ರಣಾಲಯವೇ ಬೇಕೆನಿಸಿದಾಗ ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. 1926ರಲ್ಲೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರನ್ನು ಅರಸಿ ಬಂದಿತು. ಆದರೂ ಬದುಕಿನ ಉತ್ತರಾರ್ಧವನ್ನು ಅವರು ಕಳೆದದ್ದು ಬಾಡಿಗೆಯ ಮನೆಯಲ್ಲಿ, ಬಡತನದಲ್ಲಿ.

ಅವರ ಸೇವೆ ಗ್ರಂಥಗಳಿಗಷ್ಟೇ ಸೀಮಿತವಾಗಿರಲಿಲ್ಲ. 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರ ಸಿದ್ಧೇಶ್ವರ ಬ್ಯಾಂಕು ಇವೆರಡರ ಬುನಾದಿಯಲ್ಲಿಯೂ ಅವರ ಶ್ರಮವಿದೆ. ಇಂದು ಅದೇ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ಅವರ ಹೆಸರಿನ ಸಂಶೋಧನಾ ಕೇಂದ್ರವು ನಡೆಯುತ್ತಿದೆ. ಬಿತ್ತಿದವರ ಹೆಸರನ್ನು ಬೆಳೆಯೇ ಉಳಿಸಿಕೊಂಡಿದೆ ಎನ್ನಬಹುದು.

ಇಲ್ಲಿ ನಾವು ಗಮನಿಸಬೇಕಾದ ತತ್ತ್ವವೊಂದಿದೆ. ಮಿಕ್ಕಿದ್ದರಲ್ಲಿ ಒಂದಿಷ್ಟನ್ನು ಕೊಡುವುದು ದಾನ. ಅಲ್ಲಿ ‘ಕೊಟ್ಟವನು ನಾನು’ ಎಂಬ ಭಾವ ಸುಳಿಯುವ ಸಂಭವವುಂಟು. ತನ್ನದೆಂಬುದನ್ನು ಸಮಾಜವೆಂಬ ಜಂಗಮಕ್ಕೆ ಸಲ್ಲಿಸಿ, ತಾನು ಕೇವಲ ಸೇವಕನೆಂದು ಉಳಿಯುವುದು ದಾಸೋಹ. ಶರಣರು ಎತ್ತಿ ಹಿಡಿದದ್ದು ಈ ಎರಡನೆಯದನ್ನು. ಹಳಕಟ್ಟಿಯವರು ಸಿರಿವಂತರಾಗಿರಲಿಲ್ಲ, ದುಡಿಮೆ, ಮನೆ, ವಿದ್ಯೆ, ಆಯುಷ್ಯ ಎಲ್ಲವನ್ನೂ ಸಲ್ಲಿಸಿದ ದಾಸೋಹಿಗಳಾಗಿದ್ದರು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಅವರ ಜನ್ಮದಿನದಂದು ಭಾವಚಿತ್ರಕ್ಕೆ ಹೂಮಾಲೆ ಹಾಕಿದರೆ ನಮ್ಮ ಹೊಣೆ ತೀರದು. ಈಗಲೂ ಎಷ್ಟೋ ಮನೆಗಳ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ ಓಲೆಗರಿಯ ಕಟ್ಟುಗಳು, ಕೈಬರಹದ ಕಾಗದದ ಪ್ರತಿಗಳು ಇರಬಹುದು. ಮನೆ ಕೆಡವುವಾಗ, ಪಾಲು ಹಂಚುವಾಗ ಅವು ಕಸದ ಪಾಲಾಗದಿರಲಿ. ಪವಿತ್ರವೆಂಬ ಭಾವನೆಯಿಂದ ಹೊಳೆಗೆ ಬಿಡುವುದೂ ಬೇಡ. ಅವುಗಳಿಗೆ ಕುಂಕುಮ ಹಚ್ಚದೆ, ನೀರು ತಾಗಿಸದೆ, ಗರಿಗಳ ಕ್ರಮ ಕದಲಿಸದೆ ಒಣ ಬಟ್ಟೆಯಲ್ಲಿ ಸುತ್ತಿಡಿ. ಬಳಿಕ ಸಮೀಪದ ಮಠಕ್ಕಾಗಲಿ, ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕಾಗಲಿ ತಿಳಿಸಿ. ಮೂಲವನ್ನು ಕೊಡಲು ಮನಸ್ಸಾಗದಿದ್ದರೆ ಛಾಯಾಪ್ರತಿ ತೆಗೆಯಲಾದರೂ ಅವಕಾಶ ನೀಡಿ.

ಹಳಕಟ್ಟಿಯವರು ಪ್ರತಿಗಳನ್ನು ಅರಸುತ್ತ ಬಂದಾಗ ಬಾಗಿಲು ತೆರೆದ ಮನೆಗಳಿಂದಲೇ ವಚನಗಳು ನಮಗೆ ದಕ್ಕಿದವು. ಈಗ ಬಾಗಿಲು ತೆರೆಯುವ ಸರದಿ ನಮ್ಮದು.