ಕಿವಿಯ ದೋಷವನ್ನು ಹುಡುಕುವ ಸದ್ದು

ಕುಂದಾಪುರದ ಪೂರ್ವಕ್ಕೆ, ವಾರಾಹಿ ನದಿಯ ದಡದಲ್ಲಿರುವ ಬಸ್ರೂರಿನಂಥ ಊರುಗಳಲ್ಲಿ ಹಿರಿಯರ ಕಿವಿ ಮಂದವಾದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದೇ ಹೆಚ್ಚು. ಆದರೆ ಗುಗ್ಗೆ ಕಟ್ಟಿಕೊಂಡದ್ದು, ಕಿವಿ ಸೋರಿ ತಮಟೆ ತೂತಾದದ್ದು, ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಾಶವಾದದ್ದು ಎಲ್ಲವೂ ‘ಕಿವಿ ಕೇಳಿಸುವುದಿಲ್ಲ’ ಎಂಬ ಒಂದೇ ದೂರಾಗಿ ವೈದ್ಯರ ಮುಂದೆ ಬರುತ್ತವೆ. ಇವುಗಳಲ್ಲಿ ಚಿಕಿತ್ಸೆಯಿಂದ ಸರಿಹೋಗುವುದು ಯಾವುದು, ಶ್ರವಣಯಂತ್ರ ಬೇಕಾದದ್ದು ಯಾವುದು ಎಂದು ಬೇರ್ಪಡಿಸಲು ಅವರು ಮುಖ್ಯವಾಗಿ ನೆಚ್ಚುವುದು ಶಬ್ದವನ್ನೇ.

ಇದಕ್ಕೆ ಬೇಕಾದ ಅತ್ಯಂತ ಅಗ್ಗದ ಉಪಕರಣ ಶಾಲೆಯ ಪ್ರಯೋಗಾಲಯದಲ್ಲಿಯೂ ಸಿಗುವ ಶ್ರುತಿಕವೆ. ಸೆಕೆಂಡಿಗೆ 512 ಬಾರಿ, ಅಂದರೆ 512 ಹರ್ಟ್ಸ್ ಆವೃತ್ತಿಯಲ್ಲಿ, ಕಂಪಿಸುವ ಕವೆಯ ಬುಡವನ್ನು ಹಣೆಯ ನಡುವೆ ಇಟ್ಟಾಗ ಸದ್ದು ತಲೆಬುರುಡೆಯ ಮೂಲಕ ನೇರವಾಗಿ ಎರಡೂ ಒಳಗಿವಿಗಳನ್ನು ತಲುಪುತ್ತದೆ. ದೋಷ ಹೊರಗಿವಿ ಅಥವಾ ನಡುಗಿವಿಯಲ್ಲಿದ್ದರೆ ಅದು ಮಂದ ಕಿವಿಯಲ್ಲೇ ಜೋರಾಗಿ ಕೇಳಿಸುತ್ತದೆ, ಒಳಗಿವಿ ಅಥವಾ ನರದಲ್ಲಿದ್ದರೆ ಒಳ್ಳೆಯ ಕಿವಿಯಲ್ಲಿ. ವೆಬರ್ ಪರೀಕ್ಷೆ ಎನ್ನಲಾಗುವ ಈ ವಿಧಾನಕ್ಕೆ ನೂರೈವತ್ತಕ್ಕೂ ಹೆಚ್ಚು ವರ್ಷಗಳಾದರೂ ಇಎನ್‌ಟಿ ವೈದ್ಯರ ಮೇಜಿನಿಂದ ಶ್ರುತಿಕವೆ ಇನ್ನೂ ಕದಲಿಲ್ಲ.

ದೋಷದ ಪ್ರಮಾಣವನ್ನು ಅಳೆಯುವ ಕೆಲಸ ಆಡಿಯೋಮೀಟರ್‌ನದು. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದನ್ನು ಗ್ರಹಿಸಬಲ್ಲದಾದರೂ, ಸಾಮಾನ್ಯ ಪರೀಕ್ಷೆಯಲ್ಲಿ ಮಾತಿಗೆ ಮುಖ್ಯವಾದ ಭಾಗವನ್ನು ಒಳಗೊಂಡ 250ರಿಂದ 8,000 ಹರ್ಟ್ಸ್‌ವರೆಗಿನ ಶುದ್ಧ ಸ್ವರಗಳನ್ನಷ್ಟೇ ಕೇಳಿಸಲಾಗುತ್ತದೆ. ಹೊರಗಿನ ಗದ್ದಲ ತಟ್ಟದ ಕೋಣೆಯಲ್ಲಿ ಕುಳಿತವರು ಸದ್ದು ಕೇಳಿದೊಡನೆ ಗುಂಡಿ ಒತ್ತಬೇಕು. ಒತ್ತಿದಾಗ ಸದ್ದನ್ನು 10 ಡೆಸಿಬೆಲ್ ಇಳಿಸಿ, ಒತ್ತದಿದ್ದಾಗ 5 ಡೆಸಿಬೆಲ್ ಏರಿಸಿ, ಕೇಳಿಸುವ ಅತಿ ಮೆಲ್ಲನೆಯ ಮಟ್ಟವನ್ನು ಗುರುತಿಸಿ ನಕ್ಷೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು ಹಾಕಲಾಗುತ್ತದೆ. ಈ ನಕ್ಷೆಯ ಸೊನ್ನೆ ಡೆಸಿಬೆಲ್ ಎಂದರೆ ಸದ್ದೇ ಇಲ್ಲವೆಂದಲ್ಲ, ಆರೋಗ್ಯವಂತ ಯುವಜನರ ಕಿವಿಗೆ ಸರಾಸರಿಯಾಗಿ ಕೇಳಿಸುವ ಅತಿ ಸಣ್ಣ ಸದ್ದು. ವರ್ಷಗಟ್ಟಲೆ ಗದ್ದಲದಲ್ಲಿ ದುಡಿದವರ ಗೆರೆ ಬಹುಮಟ್ಟಿಗೆ 4,000 ಹರ್ಟ್ಸ್‌ನ ಸುತ್ತ ತಟ್ಟನೆ ಕೆಳಗಿಳಿಯುತ್ತದೆ. ಗಂಗೊಳ್ಳಿಯ ದೋಣಿಗಳಲ್ಲಿ ಎಂಜಿನ್ ಪಕ್ಕದಲ್ಲೇ ಇರುವವರು, ರಾತ್ರಿಯಿಡೀ ಚಂಡೆ ಬಾರಿಸುವವರು ಇದನ್ನು ನೆನಪಿಡುವುದು ಒಳ್ಳೆಯದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಮಾತಿನ ಆವೃತ್ತಿಗಳಲ್ಲಿ ಎರಡೂ ಕಿವಿಗಳಿಗಾದ ನಷ್ಟವನ್ನು ಡೆಸಿಬೆಲ್‌ನಲ್ಲಿಯೇ ಹೇಳಿ, 60ರಿಂದ 70ರವರೆಗಿನದನ್ನು ಮಂದಶ್ರವಣವೆಂದೂ 70ರ ನಷ್ಟವನ್ನು ಕಿವುಡೆಂದೂ ಗುರುತಿಸುತ್ತದೆ.

ಶುದ್ಧ ಸ್ವರ ಕೇಳಿಸಿದವರಿಗೆಲ್ಲ ಮಾತು ತಿಳಿಯುತ್ತದೆಂದು ಹೇಳಲಾಗದು. ಎತ್ತರದ ಆವೃತ್ತಿಯನ್ನು ಕಳೆದುಕೊಂಡವರಿಗೆ ಸ್ವರಾಕ್ಷರಗಳು ಚೆನ್ನಾಗಿ ಕೇಳಿಸಿದರೂ ಸಕಾರ, ಚಕಾರಗಳು ಜಾರಿಹೋಗಿ ‘ಹಾಸು’ ಯಾವುದು, ‘ಹಾಕು’ ಯಾವುದು ಎಂಬ ಗೊಂದಲ ಉಂಟಾಗುತ್ತದೆ. ‘ಕೂಗಬೇಡಿ, ಬಿಡಿಸಿ ಹೇಳಿ’ ಎಂದು ಅಂಥವರು ರೇಗುವುದಕ್ಕೆ ಕಾರಣವೂ ಇದೇ. ಆದ್ದರಿಂದ ಪದಗಳನ್ನು ಕೇಳಿಸಿ ಮರುನುಡಿಯಲು ಹೇಳುವ ಪರೀಕ್ಷೆ ಬೇಕಾಗುತ್ತದೆ, ಅದು ರೋಗಿಯ ಭಾಷೆಯಲ್ಲಿಯೇ ಇರಬೇಕಾಗುತ್ತದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಧ್ವನಿಗಳನ್ನು ಸಮತೋಲದಲ್ಲಿ ಒಳಗೊಂಡ ಪದಪಟ್ಟಿಗಳು ಸಿದ್ಧವಾಗಿರುವುದು ಈ ದೃಷ್ಟಿಯಿಂದ ದೊಡ್ಡ ಕೆಲಸ. ಆದರೂ ಪದಾಂತ್ಯದ ಉಕಾರವನ್ನು ನುಂಗಿ ಕಾಲನ್ನು ‘ಕಾಲ್’ ಎಂದೂ ಹಾಲನ್ನು ‘ಹಾಲ್’ ಎಂದೂ ನುಡಿಯುವ ಕುಂದಗನ್ನಡದ ಹಿರಿಯರ ಉತ್ತರಕ್ಕೆ ತಪ್ಪು ಗುರುತು ಬಿದ್ದರೆ, ದೋಷ ಕಿವಿಯದಲ್ಲ, ಅಂಕ ಹಾಕಿದವರದು.

ಕಿವಿಯ ಆಚೆಗೆ ಶಬ್ದದ ಪಾತ್ರ ತಿರುವುಮುರುವಾಗಿ, ದೇಹವೇ ಸದ್ದು ಮಾಡುತ್ತದೆ, ವೈದ್ಯರು ಆಲಿಸುತ್ತಾರೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ರೂಪಿಸಿದ ಸ್ಟೆತಸ್ಕೋಪು ಹೃದಯದ ಕವಾಟಗಳ ಸೋರಿಕೆಯನ್ನೂ ಶ್ವಾಸಕೋಶದ ಗುರುಗುರು ಸದ್ದನ್ನೂ ತಿಳಿಸುತ್ತದೆ; ರಷ್ಯಾದ ಕೊರೊಟ್ಕಾಫ್ 1905ರಲ್ಲಿ ವಿವರಿಸಿದಂತೆ, ತೋಳಿಗೆ ಬಿಗಿದ ಪಟ್ಟಿ ಸಡಿಲವಾಗುವಾಗ ಸದ್ದು ಮೂಡುವ ಹಂತದಿಂದ ಮೇಲಿನ ರಕ್ತದೊತ್ತಡವೂ ಮರೆಯಾಗುವ ಹಂತದಿಂದ ಕೆಳಗಿನದೂ ತಿಳಿಯುತ್ತದೆ.

ಕಿವಿಯೂ ಸದ್ದು ಹೊಮ್ಮಿಸುತ್ತದೆಂದು 1978ರಲ್ಲಿ ಬ್ರಿಟನ್ನಿನ ಡೇವಿಡ್ ಕೆಂಪ್ ತೋರಿಸಿದ್ದರಿಂದ ಗುಂಡಿ ಒತ್ತಲಾರದ, ಉತ್ತರ ಹೇಳಲಾರದ ನವಜಾತ ಶಿಶುವಿನ ಪರೀಕ್ಷೆ ಸುಲಭವಾಯಿತು. ಮಗುವಿನ ಕಿವಿಗೆ ಸಣ್ಣ ಸದ್ದು ಕಳಿಸಿದಾಗ ಆರೋಗ್ಯವಾದ ರೋಮಕೋಶಗಳು ಕಂಪಿಸಿ ಮರಳಿಸುವ ಅತಿ ಕ್ಷೀಣವಾದ ಪ್ರತಿಧ್ವನಿಯನ್ನು ಅದೇ ಕಿವಿಯಲ್ಲಿಟ್ಟ ಮೈಕ್ರೊಫೋನು ಹಿಡಿಯುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಕಿವಿಯೊಳಗೆ ದ್ರವ ಉಳಿದಿದ್ದರೂ ಪ್ರತಿಧ್ವನಿ ಸಿಗದೆ ಹೋಗಬಹುದಾದ್ದರಿಂದ ಒಂದು ಪರೀಕ್ಷೆಯ ಸೋಲಿಗೆ ಹೆದರದೆ ಮತ್ತೆ ಮಾಡಿಸಬೇಕು. ಆಗಲೂ ಸಿಗದಿದ್ದರೆ, ಮಗು ಮಲಗಿರುವಾಗ ತಲೆಗೆ ಅಂಟಿಸಿದ ಎಲೆಕ್ಟ್ರೋಡುಗಳಿಂದ ಶ್ರವಣನರ ಮತ್ತು ಮಿದುಳಿನ ಕಾಂಡದ ವಿದ್ಯುತ್ ಸ್ಪಂದನವನ್ನು ದಾಖಲಿಸುವ ‘ಬೆರಾ’ ಪರೀಕ್ಷೆ ನಡೆಯುತ್ತದೆ. ಮೊದಲ ತಪಾಸಣೆ ಒಂದು ತಿಂಗಳೊಳಗೆ, ರೋಗನಿರ್ಣಯ ಮೂರು ತಿಂಗಳೊಳಗೆ, ಅಗತ್ಯವಿದ್ದರೆ ಶ್ರವಣಯಂತ್ರದ ವ್ಯವಸ್ಥೆ ಆರು ತಿಂಗಳೊಳಗೆ ಆಗಬೇಕೆಂಬುದು ತಜ್ಞರು ಅನುಸರಿಸುವ ಗಡುವು.